ಮರಕುಟಿಕಗಳ ಕಪಾಟು

"ಕೀಲಿ ಸಿಕ್ಕಿಲ್ಲ. ನಾಳೆ ಬನ್ನಿ," ಎಂದ ಉಗ್ರಾಣಿ.

ಕೀಲಿಗೊಂಚಲು ಅವನ ಸೊಂಟದಲ್ಲೇ ತೂಗುತ್ತಿತ್ತು. ಅವಳು ಅದನ್ನು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ.

"ಹಾಗಾದ್ರೆ ಅದು ಯಾರ ಮನೆ ಕೀಲಿ?"

"ಇದಾ? ಬಾತುಕೋಳಿಗಳದ್ದು."

ಹೇಳುವಾಗ ತುಟಿಯ ತುದಿ ಒಂದು ಚೂರು ನಡುಗಿತೇ ಹೊರತು ಮುಖ ಮಾತ್ರ ಕಲ್ಲು. ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. ಯಾವುದನ್ನು ಮೊದಲು ತೋರಿಸುವುದೆಂದು ತಿಳಿಯದೆ ಚೀಲ ಹೆಗಲಿಗೇರಿಸಿ ಹೊರಟಳು.

ಅವಳು ಬೇರೆ ಊರಿನಿಂದ ಈ ವಸ್ತುಸಂಗ್ರಹಾಲಯಕ್ಕೆ ಬಂದದ್ದು ಮರಕುಟಿಕಗಳಿಗಾಗಿ. ಅವುಗಳ ಗರಿಯ ಬುಡದ ಟೊಳ್ಳು ಕೊಳವೆಯಲ್ಲಿ ಸಂಸಾರ ಹೂಡುವ, ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ನುಸಿಗಳಿಗಾಗಿ. ಹಳೆಯ ಹಕ್ಕಿಗಳೆಲ್ಲ ಹಿಂಭಾಗದ ಉದ್ದ ಕೋಣೆಯಲ್ಲಿದ್ದವು. ಒಣಗಿಸಿ, ಹತ್ತಿ ತುಂಬಿ, ಕಾಲು ಕಟ್ಟಿ, ಖಾನೆ ಖಾನೆಗಳಲ್ಲಿ ಅಂಗಾತ ಮಲಗಿಸಿದ್ದರು. ಕಣ್ಣಿದ್ದ ಜಾಗದಲ್ಲಿ ಹತ್ತಿ ಇಣುಕುತ್ತಿತ್ತು.

"ಹಳೇ ಹಕ್ಕಿಗಳು. ಪಾಷಾಣ ಸವರಿರ್ತಾರಾ?" ಎಂದು ಅವಳು ನಿರ್ದೇಶಕರನ್ನು ಮೊದಲೇ ಕೇಳಿದ್ದಳು. ಹುಳ ತಿನ್ನದಿರಲೆಂದು ಹಿಂದಿನವರು ಆರ್ಸೆನಿಕ್ ಹಚ್ಚುತ್ತಿದ್ದದ್ದು ಆ ಕೆಲಸದವರಿಗೆಲ್ಲ ಗೊತ್ತಿದ್ದ ಮಾತು.

"ಬಾತುಕೋಳಿಗಳಿಗೆ ಮಾತ್ರ. ಅವನ್ನೆಲ್ಲ ಎಂದೋ ತೆಗೆದುಹಾಕಿದೀವಿ," ಎಂದು ಅವರು ಕೈ ಬೀಸಿದ್ದರು.

ನಿರ್ದೇಶಕರಿಗೆ ದೂರು ಕೊಟ್ಟ ಮೇಲೆ ಕಪಾಟು ತೆರೆಯಿತು. ಆದರೆ ಉಗ್ರಾಣಿ ಅವಳನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಮೊಣಕೈವರೆಗೂ ಕಪ್ಪು ರಬ್ಬರ್ ಗ್ಲೌಸ್ ಏರಿಸಿ, ತಾನೇ ಗರಿ ಕಿತ್ತು, ಬ್ರಷ್ಷಿನಿಂದ ಒರೆಸಿ, ಗಾಜಿನ ಡಬ್ಬಿಯಲ್ಲಿಟ್ಟು ಅವಳ ಮೇಜಿಗೆ ತಂದ. ದಿನಕ್ಕೆ ಬೆರಳೆಣಿಕೆಯಷ್ಟೇ.

"ಇಷ್ಟೇನಾ? ನಿಮ್ಮಪ್ಪನ ಮನೆ ಗಂಟಾ?"

"ಮಾವನ ಮನೇದು," ಎಂದ. ಅವನ ಸೋದರಮಾವನೇ ಇಲ್ಲಿ ಹಿಂದಿನ ಉಗ್ರಾಣಿ. ಅವನನ್ನು ಸಾಕಿ, ಕೆಲಸ ಕಲಿಸಿ, ಈಗ ತೀರಿಹೋಗಿದ್ದ.

ಇದನ್ನೆಲ್ಲ ಕೇಳಿ ಅವಳ ಅಕ್ಕ ಫೋನಿನಲ್ಲಿ ನಕ್ಕಳು. "ಹುಳ ನೋಡೋಕೆ ಹೋದವಳ ತಲೆಗೇ ಹುಳ ಬಿಟ್ಟಿದಾನೆ ಅನ್ನು!"

"ಸುಮ್ನಿರೇ. ಆ ಮನುಷ್ಯ ಕೈಗೆ ಕೈ ತಾಗಿದ್ರೂ ಹಾವು ಕಂಡ ಹಾಗೆ ಹಿಂದೆ ಸರೀತಾನೆ."

"ಅಂದ್ರೆ, ತಾಗಿಸಿ ನೋಡಿದೀಯ!"

ನೋಡಿದ್ದಳು. ಡಬ್ಬಿ ಈಸಿಕೊಳ್ಳುವ ನೆಪದಲ್ಲಿ, ಬೇಕೆಂದೇ. ಅವನು ಹಿಂದೆ ಸರಿದದ್ದು ನಿಜ. ಆದರೆ ಸರಿದ ಮೇಲೂ ಕಣ್ಣು ಅಲ್ಲೇ, ಅವಳ ಬೆರಳುಗಳ ಮೇಲೇ ನಿಂತಿತ್ತು. ಹಸಿದವನು ಮುಚ್ಚಿದ ತಟ್ಟೆಯನ್ನು ನೋಡುವ ಹಾಗೆ.

ಒಂದು ಮಧ್ಯಾಹ್ನ ಅವಳು ಗರಿಯೊಂದನ್ನು ಚಿಮಟಿಗೆಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದಳು. "ಬನ್ನಿ ಇಲ್ಲಿ. ಖಾಲಿ ಗರಿ ಆದ್ರೆ ಬುಡ ಗಾಜಿನ ಹಾಗೆ ಕಾಣುತ್ತೆ. ಇದು ನೋಡಿ, ಒಳಗೆ ಬೂದಿ ತುಂಬಿದ ಹಾಗಿಲ್ವಾ?"

ಅವನು ಬಗ್ಗಿದ. ಅವನ ಉಸಿರು ಅವಳ ಕೆನ್ನೆಯ ಕೂದಲನ್ನು ಅಲುಗಿಸಿತು. ಅವಳು ಗರಿಯನ್ನು ನೋಡುತ್ತಿರುವಂತೆ ನಟಿಸಿದಳು.

"ಹಕ್ಕಿಗೆ ಗೊತ್ತಾಗಲ್ವಾ?"

"ಪಾಪ, ಹಾರ್ತಾನೇ ಇರುತ್ತೆ. ಇವು ಒಳಗಿಂದ ಗೋಡೆಗೆ ಬಾಯಿ ಚುಚ್ಚಿ ಕುಡೀತಾ ಇರ್ತವೆ. ಹೊರಗಿಂದ ಗರಿ ಚೆಂದಾನೇ."

ಅವನು ನೆಟ್ಟಗಾದ. ಮುಖದಲ್ಲಿ ರಕ್ತವಿರಲಿಲ್ಲ. "ಇವತ್ತಿಗೆ ಸಾಕು," ಎಂದು ಕಪಾಟಿಗೆ ಬೀಗ ಜಡಿದು ಹೊರಟೇಹೋದ. ತಾನು ಆಡಿದ್ದರಲ್ಲಿ ತಪ್ಪೇನಿತ್ತೆಂದು ಅವಳು ಮಾತುಗಳನ್ನು ಹಿಂದೆ ಮುಂದೆ ಮಾಡಿ ನೋಡಿದಳು. ಉದ್ದ ಕೋಣೆಯಲ್ಲಿ ಹಕ್ಕಿಗಳ ಹತ್ತಿಗಣ್ಣುಗಳೆಲ್ಲ ತನ್ನತ್ತಲೇ ತಿರುಗಿದಂತಾಗಿ, ಮೊದಲ ಬಾರಿಗೆ ಅವಳಿಗಲ್ಲಿ ಚಳಿ ಹತ್ತಿತು.

ಅವಳಿಗೆ ಕೊಟ್ಟಿದ್ದ ಅನುಮತಿ ಮುಗಿಯುತ್ತ ಬಂದಿತ್ತು. ಮಾರನೆಯ ಬೆಳಿಗ್ಗೆ ಅವನು ಬರಲಿಲ್ಲ. ಕಾದಳು. ಕೊನೆಗೆ ಕಚೇರಿಯ ಇನ್ನೊಂದು ಕೀಲಿ ತಂದು ತಾನೇ ಕಪಾಟು ತೆರೆದಳು.

ಗ್ಲೌಸ್ ಹಾಕಿದರೆ ಸಣ್ಣ ಗರಿ ಹಿಡಿತಕ್ಕೆ ಸಿಗುತ್ತಿರಲಿಲ್ಲ, ಬಿಚ್ಚಿ ಪಕ್ಕಕ್ಕಿಟ್ಟಳು. ಕೆಂಪು ನೆತ್ತಿಯ ದೊಡ್ಡ ಮರಕುಟಿಕವೊಂದನ್ನು ಎತ್ತಿದಾಗ ರೆಕ್ಕೆಯ ಸಂದಿಯಿಂದ ಬಿಳಿ ಪುಡಿ ಉದುರಿತು. ಧೂಳೆಂದುಕೊಂಡು ಊದಿದಳು. ಕಿತ್ತ ಗರಿಯನ್ನು ತುಟಿಗಳ ನಡುವೆ ಕಚ್ಚಿಕೊಂಡು ಇನ್ನೊಂದಕ್ಕೆ ಕೈ ಹಾಕಿದಳು.

"ಉಗೀರಿ!"

ಬಾಗಿಲಲ್ಲಿ ಅವನು. ಓಡಿ ಬಂದ. ಅವಳ ಬಾಯಿಂದ ಗರಿ ಕಿತ್ತೆಸೆದು, ರಟ್ಟೆ ಹಿಡಿದು, ದರದರ ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ನಿಲ್ಲಿಸಿದ.

"ಬಾಯಿ ಮುಕ್ಕಳಿಸಿ. ನುಂಗಬೇಡಿ. ಇನ್ನೊಂದು ಸಲ. ಕೈ ಕೊಡಿ!"

ಅವಳ ಕೈಗಳನ್ನು ಸೋಪಿನಲ್ಲಿ ಉಜ್ಜುತ್ತಿದ್ದ. ಅವಳ ಬೆರಳಿಗೆ ಒರಟೊರಟಾಗಿ ಏನೋ ತರಚಿತು. ಕೆಳಗೆ ನೋಡಿದಳು. ಅವಸರದಲ್ಲಿ ಅವನು ಗ್ಲೌಸ್ ಹಾಕುವುದನ್ನೇ ಮರೆತಿದ್ದ.

ಅವನ ಅಂಗೈ ತುಂಬ ಜೋಳದ ಕಾಳಿನಂಥ ಗಟ್ಟಿ ಗಂಟುಗಳು. ಎಡಗೈಯ ಕಿರುಬೆರಳಿನಲ್ಲಿ ಒಂದು ಗಂಟು ಒಡೆದು, ಕಪ್ಪಗೆ ಹುಣ್ಣಾಗಿತ್ತು.

ನೀರು ಸುರಿಯುತ್ತಲೇ ಇತ್ತು.

"ಬಾತುಕೋಳಿಗಳಿಗೆ ಮಾತ್ರ ಅಂದ್ರು..." ಎಂದಳು.

"ಎಲ್ಲಕ್ಕೂ ಹಚ್ಚಿದಾರೆ. ಚಿಕ್ಕಂದಿನಿಂದ ನಾನೇ ಪುಡಿ ಒರೆಸ್ತಿದ್ದೆ, ಬರಿಗೈಲಿ. ಮಾವನಿಗೂ ಹೀಗೇ ಶುರುವಾಗಿದ್ದು. ಕೈಯಿಂದ."

"ಯಾಕೆ ಹೇಳ್ಲಿಲ್ಲ?"

"ಮೊದಲು, ಕೆಲಸ ಹೋಗುತ್ತೆ ಅಂತ." ನಲ್ಲಿ ನಿಲ್ಲಿಸಿದ. "ಆಮೇಲೆ, ಕೋಣೆಗೆ ಬೀಗ ಹಾಕ್ತಾರೆ, ನೀವು ಊರಿಗೆ ಹೋಗ್ತೀರಿ ಅಂತ. ಪುಡಿ ನಿಮಗೆ ತಾಗದ ಹಾಗೆ ನಾನೇ ಕಿತ್ತುಕೊಟ್ರಾಯ್ತು, ದಿನಾ ಸ್ವಲ್ಪ ಸ್ವಲ್ಪ ಕೊಟ್ರೆ ಸ್ವಲ್ಪ ಹೆಚ್ಚು ದಿನ ಇರ್ತೀರಿ ಅಂದುಕೊಂಡೆ. ತಪ್ಪು. ಗೊತ್ತು."

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಅದೇ ಕೆನ್ನೆಯನ್ನು ಎದೆಗೊತ್ತಿಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ. ಕೈ ಒರೆಸಿಕೊಂಡು ನೇರ ನಿರ್ದೇಶಕರ ಕೋಣೆಗೆ ಹೋದಳು. ಬಿಳಿ ಪುಡಿಯನ್ನು ಪರೀಕ್ಷೆಗೆ ಕಳಿಸುವವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ. ಸಂಜೆಯೊಳಗೆ ಉದ್ದ ಕೋಣೆಯ ಬಾಗಿಲಿಗೆ ಮೊಹರು ಬಿತ್ತು. ತಾನು ವರ್ಷಗಟ್ಟಲೆ ಕನಸಿದ್ದ ಕೆಲಸಕ್ಕೆ ತಾನೇ ಬೀಗ ಜಡಿಸಿ, ಅವನನ್ನು ಆಸ್ಪತ್ರೆಗೆ ಹೊರಡಿಸಿದಳು.

ಅವಳ ರಕ್ತದಲ್ಲಿ ಏನೂ ಸಿಗಲಿಲ್ಲ. ಅವನ ಬೆರಳಿನಿಂದ ಚೂರು ತೆಗೆದು ಕಳಿಸಿದರು. ಫಲಿತಾಂಶ ಬರುವ ದಿನ ಇಬ್ಬರೂ ಆಸ್ಪತ್ರೆಯ ಕಾರಿಡಾರಿನ ಬೆಂಚಿನಲ್ಲಿ ಕುಳಿತಿದ್ದರು. ಎದುರಿನ ಬಾಗಿಲಿನಿಂದ ಒಬ್ಬ ಮುದುಕಿ ಸೆರಗು ಬಾಯಿಗಿಟ್ಟುಕೊಂಡು ಹೊರಬಂದಳು.

"ನೀವಿನ್ನು ಹೊರಡಿ," ಎಂದ ಅವನು, ನೆಲ ನೋಡುತ್ತ. "ಉದುರೋ ಗರಿಗೆ ಅಂಟಿಕೊಂಡು ಏನು ಬಂತು?"

"ನನ್ನ ನುಸಿಗಳಿಗೆ ಅಷ್ಟು ಬುದ್ಧಿ ಇದೆ. ಗರಿ ಉದುರೋ ಮೊದಲೇ ಹೊಸ ಗರಿ ಹುಡುಕಿಕೊಂಡು ಹೋಗ್ತವೆ," ಎಂದಳು. "ನನಗಿಲ್ಲ. ಏನ್ಮಾಡ್ಲಿ?"

ಅವನು ತಲೆ ಎತ್ತಿದ. ಇಷ್ಟು ದಿನ ಅವಳ ಬೆರಳ ಮೇಲೆ, ತೋಳ ಮೇಲೆ, ಕಿಟಕಿಯ ಗಾಜಿನಲ್ಲಿ ಬಿದ್ದ ನೆರಳ ಮೇಲೆ ಕದ್ದು ಕದ್ದು ಕೂರುತ್ತಿದ್ದ ನೋಟ ಈಗ ನೇರ ಅವಳ ಕಣ್ಣಿಗೇ ಬಂತು.

ನರ್ಸ್ ಬಾಗಿಲು ತೆರೆದಳು. "ಮನೆಯವರು ಮಾತ್ರ ಒಳಗೆ ಬರಬಹುದು. ನೀವು ಇವರಿಗೆ ಏನಾಗಬೇಕು?"

ಅವನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು: "ಹೆಂಡತಿ ಆಗಬೇಕು."

ನರ್ಸಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. "ಬನ್ನಿ. ಡಾಕ್ಟರು ಕೂತು ಮಾತಾಡಬೇಕಂತೆ," ಎಂದಳು. ಆ 'ಕೂತು' ಎಂಬ ಮಾತು ಕೇಳಿ ಅವಳು ಅವನಿಗಿಂತ ಮೊದಲೇ ಎದ್ದಳು.

ಡಾಕ್ಟರು ಸುತ್ತುಬಳಸಲಿಲ್ಲ. ಹುಣ್ಣು ಕ್ಯಾನ್ಸರ್ ಆಗಿದೆ, ಬೆರಳು ತೆಗೆಯಲೇಬೇಕು. ಕಂಕುಳಿನ ಗ್ರಂಥಿಗೆ ಹರಡಿದೆಯೋ ಇಲ್ಲವೋ ಕೊಯ್ದ ಮೇಲೆಯೇ ತಿಳಿಯುವುದು. ಹರಡದಿದ್ದರೂ ಜೀವನಪೂರ್ತಿ ಕಾವಲು ಕಾಯಬೇಕು. ಇನ್ನೆಲ್ಲಿ, ಯಾವಾಗ ಏಳುತ್ತದೋ ಹೇಳಲಾಗದು.

ಇಬ್ಬರೂ ಲಿಫ್ಟಿನ ಮುಂದೆ ಬಂದರು. ಅವಳು ಅವನ ಎಡಗೈಯನ್ನು ಎತ್ತಿಕೊಂಡು ಗಂಟುಗಂಟಾದ ಅಂಗೈಗೆ ತನ್ನ ಅಂಗೈ ಸೇರಿಸಿದಳು. ಈ ಸಲ ಅವನು ಹಿಂದೆ ಸರಿಯಲಿಲ್ಲ.

"ಈಗಲೂ ಮಾತು ವಾಪಸ್ ತಗೋಬಹುದು," ಎಂದ.

"ಹೇಗೆ ತಗೊಳ್ಳಿ? ನರ್ಸಮ್ಮನಿಗೆ ಸುಳ್ಳು ಹೇಳಿದ ಹಾಗಾಗಲ್ವಾ?"

ಅವನು ನಕ್ಕ. ನಗುತ್ತ ನಗುತ್ತಲೇ ಅವನ ಭುಜ ಅದುರತೊಡಗಿತು. ಅವಳು ಕೈ ಬಿಡದೆ, ಇನ್ನೊಂದು ಕೈಯಿಂದ ಲಿಫ್ಟಿನ ಗುಂಡಿ ಒತ್ತಿದಳು.