ಮೂರು ನೂಲಿನ ತೂತು

2007ರ ನವೆಂಬರ್ 12, ಸೋಮವಾರ. ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಠಾಣೆಗೆ ಬಂದ ಮಹದೇವಪ್ರಸಾದ್ ಕುರ್ಚಿಯಲ್ಲಿ ಕೂರುವ ಮೊದಲೇ ದೂರು ಶುರುಮಾಡಿದರು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಅವರದೊಂದು ವರ್ಕ್‌ಶಾಪ್. ಊದುಬತ್ತಿ ಹೊಸೆಯುವ ಯಂತ್ರವೊಂದಕ್ಕೆ ಪೇಟೆಂಟ್ ಅರ್ಜಿ ಹಾಕಲು ಹೊರಟಿದ್ದರು. ಅಷ್ಟರಲ್ಲಿ ಯಾರೋ ಅದರ ಪೂರ್ತಿ ವಿನ್ಯಾಸವನ್ನು ಇಂಟರ್ನೆಟ್ಟಿಗೆ ಹಾಕಿಬಿಟ್ಟಿದ್ದರು.

"ಫೋಟೋನಾ?" ಎಂದರು ಇನ್ಸ್‌ಪೆಕ್ಟರ್ ಶಿವರುದ್ರಪ್ಪ.

"ಫೋಟೋ ಆಗಿದ್ರೆ ಸುಮ್ನಿರ್ತಿದ್ದೆ ಸಾರ್. ಇದು ಮೂರು ಆಯಾಮದ ಪಿಡಿಎಫ್. ಮೌಸ್ ಹಿಡಿದು ಎಳೆದ್ರೆ ಯಂತ್ರ ತಿರುಗುತ್ತೆ. ಒಂದೊಂದು ಭಾಗಾನೂ ಬಿಚ್ಚಿ ನೋಡ್ಬಹುದು, ಅಳತೆ ತೆಗೀಬಹುದು. ನೋಡಿದೋರು ನಾಳೇನೇ ಮಾಡ್ಕೋಬಹುದು."

"ಹಾಕಿರೋದು ಯಾರ ಹೆಸರಲ್ಲಿ?"

"ನನ್ನ ಹೆಸರಲ್ಲೇ! ಗಿರಾಕಿಗಳಿಗೆ ಡ್ರಾಯಿಂಗ್ ತೋರಿಸೋಕೆ ಒಂದು ವೆಬ್‌ಸೈಟಲ್ಲಿ ಖಾತೆ ಇಟ್ಟಿದ್ದೀನಿ. ಪಾಸ್‌ವರ್ಡ್ ಗೊತ್ತಿದ್ದಿದ್ದು ನಮ್ಮಲ್ಲಿ ಡ್ರಾಯಿಂಗ್ ಮಾಡ್ತಿದ್ದ ಮೋಹನ್‌ಗೆ. ಹೋದ ತಿಂಗಳು ಕೆಲಸ ಬಿಟ್ಟು ಬೇರೆ ಕಂಪನಿ ಸೇರ್ಕೊಂಡ."

ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಶಿವರುದ್ರಪ್ಪನವರ ಕಂಪ್ಯೂಟರ್ ಜ್ಞಾನ ಚಾರ್ಜ್‌ಶೀಟ್ ಟೈಪು ಮಾಡಿಸುವುದಕ್ಕೆ ನಿಂತಿತ್ತು. ಆದರೆ ಸುಳ್ಳು ಹೇಳುವವರನ್ನು ಗುರುತಿಸಲು ಕಂಪ್ಯೂಟರ್ ಬೇಕಿಲ್ಲ ಎಂಬ ಧೈರ್ಯ ಅವರಿಗಿತ್ತು. ಆ ಧೈರ್ಯ ಈ ಕೇಸಿನಲ್ಲಿ ಎರಡೇ ದಿನ ಬಾಳಿತು.

ವೆಬ್‌ಸೈಟಿನ ದಾಖಲೆಯ ಪ್ರಕಾರ ಫೈಲು ಏರಿದ್ದು ನವೆಂಬರ್ 8ರ ಸಂಜೆ 6.10ಕ್ಕೆ, ರಾಮಕೃಷ್ಣನಗರದ ಒಂದು ಬ್ರೌಸಿಂಗ್ ಸೆಂಟರಿನಿಂದ. ಮೋಹನ್ ಮನೆ ಅಲ್ಲಿಂದ ಎರಡು ಬೀದಿ ಆಚೆ. ಸೆಂಟರಿನ ರಿಜಿಸ್ಟರಿನಲ್ಲಿ ಆ ಹೊತ್ತಿಗೆ ಇದ್ದದ್ದು ಯಾರಿಗೂ ಓದಲಾಗದ ಒಂದು ಗೀಚು. ಮೋಹನ್‌ನನ್ನು ದಿನವೂ ಠಾಣೆಗೆ ಕರೆಸಿ ಕೂರಿಸಿದರು.

"ನಾನಲ್ಲ ಸಾರ್."

"ಮತ್ಯಾರು?"

"ಗೊತ್ತಿಲ್ಲ ಸಾರ್. ಹೊಸ ಕಂಪನಿಯವರು ಫೋನ್ ಮಾಡಿದ್ರು. ಶುಕ್ರವಾರದೊಳಗೆ ಕೇಸು ಬಗೆಹರೀದಿದ್ರೆ ಬರಬೇಡ ಅಂದ್ರು."

ಬುಧವಾರ ಸಂಜೆ ಶಿವರುದ್ರಪ್ಪ ಅವನ ರಿಮ್ಯಾಂಡ್ ಕಾಗದ ತಯಾರಿಸಲು ಹೇಳಿದರು. ಆಗ ಅವನು ಠಾಣೆಯ ಕಂಪ್ಯೂಟರಿನಲ್ಲಿ ತೆರೆದಿದ್ದ ಫೈಲಿನತ್ತ ಕೈ ತೋರಿಸಿದ.

"ಅದು ನಮ್ಮಾಫೀಸಿನ ಮಾಡೆಲ್ಲೇ ಅಲ್ಲ ಸಾರ್. ತೂತುಗಳ ಅಳತೆ ನೋಡಿ. ನಾವು ಆರು, ಹತ್ತು, ಹದಿನಾರು ಮಿಲಿಮೀಟರ್ ಇಟ್ಟಿದ್ವಿ."

ಆರೋಪಿ ಹೇಳಿದ್ದನ್ನು ನಂಬುವುದು ಹೇಗೆ? ಶಿವರುದ್ರಪ್ಪ ವರ್ಕ್‌ಶಾಪಿನಿಂದ ಡ್ರಾಯಿಂಗ್ ತರಿಸಿ ಪಕ್ಕದಲ್ಲಿ ಹರಡಿದರು. ಕಾಗದದ ಮೇಲೆ 6, 10, 16. ಪರದೆಯ ಮೇಲೆ 6.35, 9.53, 15.88. ಕದ್ದ ನಕಲು ಮೂಲಕ್ಕಿಂತ ಬೇರೆಯಾಗುವುದೆಂದರೆ ಏನು? ಅವರ ತಲೆ ಕೆಟ್ಟುಹೋಯಿತು.

ಹಿಂದೆ ನಿಂತಿದ್ದ ಕಾನ್‌ಸ್ಟೇಬಲ್ ಚೆಲುವರಾಜು ಬಗ್ಗಿ ನೋಡಿದ. ಅವನು ದಟ್ಟಗಳ್ಳಿಯಲ್ಲಿ ಮನೆ ಕಟ್ಟಿಸುತ್ತಿದ್ದ. ಬಾಗಿಲು, ಕಿಟಕಿಯ ವಿಷಯಕ್ಕೆ ದಿನಾ ಬಡಗಿಯ ಜೊತೆ ಜಗಳವಾಡಿಯೇ ಡ್ಯೂಟಿಗೆ ಬರುತ್ತಿದ್ದ.

"ಇದು ನೂಲಿನ ಲೆಕ್ಕ ಕಣ್ ಸಾರ್! ಇಂಚಿಗೆ ಎಂಟು ನೂಲು. ಎರಡು ನೂಲು, ಮೂರು ನೂಲು, ಐದು ನೂಲು. ನಮ್ ಬಡಗಿ ಬಾಯಲ್ಲಿ ಬೇರೆ ಮಾತೇ ಬರಲ್ಲ."

ಇಂಚಿಗೆ 25.4 ಮಿಲಿಮೀಟರಿನಂತೆ ಗುಣಿಸಿ ನೋಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ರಿಮ್ಯಾಂಡ್ ಕಾಗದ ಮೇಜಿನ ಮೇಲೇ ಉಳಿಯಿತು.

ಗುರುವಾರ ಬೆಳಿಗ್ಗೆ ಮಹದೇವಪ್ರಸಾದರಿಗೆ ಫೋನು ಹೋಯಿತು. "ನಿಮ್ಮಲ್ಲಿ ನೂಲಿನಲ್ಲಿ ಅಳೆಯೋರು ಯಾರು?"

"ಅದೆಲ್ಲ ಚಿಕ್ಕಬಸವಯ್ಯನ ಕಾಲಕ್ಕೇ ಮುಗೀತು ಸಾರ್. ಲೇತ್ ಮೇಲಿದ್ದ. ಹೋದ ವರ್ಷ ತೀರ್ಕೊಂಡ."

"ಈ ಯಂತ್ರಕ್ಕೂ ಅವನಿಗೂ ಏನಾದ್ರೂ?"

"ಏನೂ ಇಲ್ಲ." ಉತ್ತರ ಸ್ವಲ್ಪ ಬೇಗನೇ ಬಂತು.

ಚಿಕ್ಕಬಸವಯ್ಯನ ಮನೆ ವರ್ಕ್‌ಶಾಪಿನ ಹಿಂದಿನ ಗಲ್ಲಿಯಲ್ಲೇ ಇತ್ತು. ಅವನ ಹೆಂಡತಿ ಪುಟ್ಟಲಿಂಗಮ್ಮ ಪೊಲೀಸರನ್ನು ಕಂಡು ಗಾಬರಿಯಾದಳು. ಯಂತ್ರ ಎಂದ ಕೂಡಲೇ ಮುಖ ಅರಳಿತು. ಮೂಲೆಯಲ್ಲಿದ್ದ ಹಳೇ ಬೆಡ್‌ಶೀಟ್ ಸರಿಸಿದಳು. ಅರ್ಧ ಮರ, ಅರ್ಧ ಕಬ್ಬಿಣ. ಪರದೆಯ ಮೇಲೆ ತಿರುಗುತ್ತಿದ್ದ ಅದೇ ಯಂತ್ರ.

"ಬತ್ತಿ ಹೊಸ್ದೂ ಹೊಸ್ದೂ ನನ್ ಅಂಗೈ ಸವೆದೋಯ್ತು ಅಂತ ಮಾಡುದ್ರು ಸ್ವಾಮಿ. ನಾಕು ವರ್ಸ ಹಿಡೀತು. ಆಮೇಲೆ ಸಾವ್ಕಾರ್ರು ಬಂದು ನೋಡ್ಕೊಂಡು ಹೋದ್ರು."

"ಈಚೆಗೆ ಯಾರಾದ್ರೂ ಇದನ್ನ ಅಳೆದರಾ?"

"ಆಫೀಸಲ್ಲಿ ಚಿತ್ರ ಬರೀತಾಳಲ್ಲ, ಧನುಶ್ರೀ. ಮೂರು ತಿಂಗಳಿಂದ ಭಾನುವಾರ ಭಾನುವಾರ ಬರೋಳು. ಒಳ್ಳೆ ಹೆಣ್ಮಗ ಕಣಪ್ಪ. ಬರೋವಾಗೆಲ್ಲ ಹಣ್ಣು ತರೋಳು."

ಬ್ರೌಸಿಂಗ್ ಸೆಂಟರಿನವನು ಸ್ಟಾಫಿನ ಗುಂಪು ಫೋಟೋದಲ್ಲಿ ಧನುಶ್ರೀಯನ್ನು ನೋಡಿದ ತಕ್ಷಣ ಗುರುತಿಸಿದ. ಮಧ್ಯಾಹ್ನ 3.50ಕ್ಕೆ ಮಹಿಳಾ ಕಾನ್‌ಸ್ಟೇಬಲ್ ಕಮಲ ಅವಳನ್ನು ಠಾಣೆಗೆ ಕರೆತಂದಳು. ಸೂರ್ಯ ಮುಳುಗಿದರೆ ಹೆಂಗಸನ್ನು ಬಂಧಿಸುವಂತಿಲ್ಲ. ಶಿವರುದ್ರಪ್ಪ ಗಡಿಯಾರ ನೋಡಿಕೊಂಡರು.

"ಪಾಸ್‌ವರ್ಡ್ ಎಲ್ಲಿ ಸಿಕ್ತು?"

"ಪ್ರಸಾದ್ ಸಾರ್ ಕೀಬೋರ್ಡ್ ಕೆಳಗೆ ಚೀಟಿ ಅಂಟಿಸಿರ್ತಾರೆ. ಆ ಸೆಂಟರು ನಮ್ಮನೆ ಹತ್ರಾನೇ ಇರೋದು."

"ಮೋಹನ್‌ನ ದಿನಾ ಇಲ್ಲಿ ಕೂರಿಸ್ತಿದ್ದೀವಿ. ಗೊತ್ತಿತ್ತಾ?"

ಅವಳು ತಲೆ ತಗ್ಗಿಸಿದಳು. "ಇವತ್ತು ಬೆಳಿಗ್ಗೆ ಗೊತ್ತಾಯ್ತು. ಸಂಜೆ ನಾನೇ ಬರೋಳಿದ್ದೆ. ನೀವು ನಂಬಲ್ಲ."

ಶಿವರುದ್ರಪ್ಪನವರಿಗೆ ನಂಬಬೇಕೆನ್ನಿಸಿತು, ಅದನ್ನು ತೋರಿಸಿಕೊಳ್ಳಲಿಲ್ಲ. "ಯಾಕೆ ಹಾಕಿದೆಯಮ್ಮ?"

"ಮೊದಲನೇ ಡ್ರಾಯಿಂಗಲ್ಲಿ ವಿನ್ಯಾಸ ಚಿಕ್ಕಬಸವಯ್ಯ ಅಂತ ಬರೆದಿದ್ದೆ ಸಾರ್. ಪ್ರಸಾದ್ ಸಾರ್ ನನ್ನ ಕೈಲೇ ಅಳಿಸಿಸಿದ್ರು. ಚಿಕ್ಕಬಸವಯ್ಯನೋರು ಹಾಸಿಗೆ ಹಿಡಿದಾಗ ನೋಡೋಕೆ ಹೋಗಿದ್ದೆ. ನನ್ ಹೆಸ್ರು ಬಂತೇನವ್ವಾ ಅಂತ ಕೇಳುದ್ರು. ಬಂತು ಅಂದ್ಬುಟ್ಟೆ. ಅವರ ನೂಲಿನ ಅಳತೇನ ಮಿಲಿಮೀಟರ್‌ಗೆ ತಿದ್ದಿದ್ರೆ ಸಿಕ್ಕಿಬೀಳ್ತಿರಲಿಲ್ಲ ಅಂತೀರ. ತಿದ್ದೋಕೆ ಮನಸ್ಸು ಬರಲಿಲ್ಲ ಸಾರ್."

4.40ಕ್ಕೆ ಬಂಧನ. ಮೋಹನ್‌ನನ್ನು ಕಳುಹಿಸಿಕೊಟ್ಟು, ಅವನ ಕಂಪನಿಗೆ ಶಿವರುದ್ರಪ್ಪ ತಾವೇ ಫೋನು ಮಾಡಿದರು. ಆಮೇಲೆ ಇಬ್ಬರು ಪಂಚರ ಎದುರು, ಮಹದೇವಪ್ರಸಾದರನ್ನೂ ಕೂರಿಸಿಕೊಂಡು, ಫೈಲಿನ ಪಂಚನಾಮೆಗೆ ತೊಡಗಿದರು. ಚೆಲುವರಾಜು ಮೌಸ್ ಹಿಡಿದಿದ್ದ.

"ಯಂತ್ರಾನ ಮಗುಚಿ ನೋಡಿ ಅಣ್ಣ," ಎಂದಳು ಧನುಶ್ರೀ.

ಇಷ್ಟು ದಿನ ಎಲ್ಲರೂ ಅದನ್ನು ಸುತ್ತ ತಿರುಗಿಸಿದ್ದರೇ ಹೊರತು ತಲೆಕೆಳಗು ಮಾಡಿರಲಿಲ್ಲ. ಚೆಲುವರಾಜು ಎಳೆದ. ಅಡಿಯ ತಗಡಿನ ಮೇಲೆ ಕೊರೆದಂತೆ ಅಕ್ಷರಗಳು ಕಂಡವು: ಚಿಕ್ಕಬಸವಯ್ಯ, ಮಂಡಿ ಮೊಹಲ್ಲಾ, ಮೈಸೂರು.

"ಅದನ್ನ ಬರೀಬೇಡಿ ಸಾರ್," ಎಂದರು ಮಹದೇವಪ್ರಸಾದ್. "ಪೇಟೆಂಟಿಗೆ ತೊಂದರೆ ಆಗುತ್ತೆ."

"ಕಂಡದ್ದನ್ನೆಲ್ಲ ಬರೆದರೇನೇ ಪಂಚನಾಮೆ ಸ್ವಾಮಿ. ನೀವೇ ಕೊಟ್ಟ ದೂರು." ಶಿವರುದ್ರಪ್ಪ ಆ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿ ಬರೆಯಿಸಿದರು. ಪಂಚರು ಕೆಳಗೆ ಸಹಿ ಹಾಕಿದರು.

"ಇದರದೊಂದು ಪ್ರತಿ ನಂಗೆ ಸಿಗುತ್ತಾ ಸಾರ್?" ಎಂದಳು ಧನುಶ್ರೀ.

"ಸಿಗುತ್ತಮ್ಮ. ಆರೋಪಿಗೆ ಕೊಡಲೇಬೇಕು."

"ನಂಗೆ ಬೇಡ. ಪುಟ್ಟಲಿಂಗಮ್ಮನಿಗೆ ತಲುಪಿಸಿಬಿಡಿ," ಎಂದು, ಅಷ್ಟು ಹೊತ್ತೂ ತಡೆದಿಟ್ಟುಕೊಂಡಿದ್ದ ಅಳುವನ್ನು ಕಮಲಳ ಹೆಗಲ ಮೇಲೆ ಅತ್ತಳು.