ಬೆನ್ನ ಮೇಲಿನ ಬಿಳಿ

"ಅಲ್ಲಾಡಬ್ಯಾಡ್ರೋ! ಸಿಕ್ತು, ಸಿಕ್ತು!"

ಮಾರೆಣ್ಣ ಉಸಿರು ಬಿಗಿಹಿಡಿದು ನೆಗೆದ. ಹುಳವೂ ನೆಗೆಯಿತು. ಹುಳ ಒಂದು ಮಾರು ದೂರ ಹೋಗಿ ಸುಖವಾಗಿ ಕೂತಿತು. ಮಾರೆಣ್ಣ ತುಂಗಭದ್ರೆಯ ಕೆಸರಿನಲ್ಲಿ ಮೂಗೂರಿ ಬಿದ್ದ. ದಂಡೆಯ ಮೇಲಿದ್ದ ಐದನೇ ಕ್ಲಾಸಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಗಬ್ಯಾಡ್ರಿ! ನೀವು ಹಿಡ್ದು ತೋರಸ್ರಿ ನೋಡೋಣ!" ಎಂದು ಅವನು ಕೆಸರು ಉಗುಳಿದ.

ಆ ಹುಳ ಜೋಳದ ಕಾಳಿಗಿಂತ ದೊಡ್ಡದಿರಲಿಲ್ಲ. ಮೈ ಕಪ್ಪು, ಕಣ್ಣು ಮಾತ್ರ ಗುಡ್ಡೆ ಗುಡ್ಡೆ. ನೀರಿನಂಚಿನ ಹಸಿ ಮಣ್ಣಿನ ಮೇಲೆ ಓಡಾಡುತ್ತ, ಸಣ್ಣ ನೊಣ ಸಿಕ್ಕರೆ ಸೂಜಿಯಂಥ ಮೂತಿ ಚುಚ್ಚಿ ಹೀರುತ್ತಿತ್ತು. ತೆಲುಗು ಗಡಿಯ ನಾಗಲದಿನ್ನೆ ಊರಿನವರು ದಿನಾ ಅದನ್ನು ದಾಟಿಕೊಂಡೇ ನೀರಿಗೆ ಇಳಿಯುತ್ತಿದ್ದರು. ಒಬ್ಬರೂ ಬಗ್ಗಿ ನೋಡಿರಲಿಲ್ಲ.

ಈಗ ಪಟ್ಟಣದ ಕಾಲೇಜಿನಿಂದ ಮೌಲಾಲಿ ಸಾರ್ ಬಂದಿದ್ದರು. ಅವರು ಕೋಸಗಿಯವರು, ಹುಳುಗಳ ಬಗ್ಗೆ ಓದಿದವರು. ಶಾಲೆಯಲ್ಲೇ ಇಳಿದುಕೊಂಡು, ಮಕ್ಕಳ ಕೈಗೆ ಒಂದೊಂದು ಬಾಟ್ಲಿ ಕೊಟ್ಟು ಹೇಳಿದ್ದರು: "ಕಾಲು ಮುರೀಬಾರ್ದು, ಮೀಸಿ ಹರೀಬಾರ್ದು. ಇದು ತಗಣಿ ಜಾತಿ ಹುಳ. ನಿಮ್ಮ ಮಂಚದಾಗಿನ ತಗಣಿಗೆ ದೂರದ ನೆಂಟ."

ಇದನ್ನು ಕೇಳಿ ಅದೇ ಕ್ಲಾಸಿನ ಅಕ್ಕನಾಗಮ್ಮನ ಅವ್ವ ಮೂಗಿನ ಮೇಲೆ ಬೆರಳಿಟ್ಟಿದ್ದಳು. "ತಗಣಿ ಹಿಡ್ಯಾಕ ಹೊಳಿಗೆ ಯಾಕ ಹೋಗ್ಬೇಕು? ನಮ್ಮ ಮನಿಗೆ ಬಂದಿದ್ರ ಒಂದು ಕೊಡ ತುಂಬಿ ಕಳಸ್ತಿದ್ನಲ್ಲ!"

ಅಕ್ಕನಾಗಮ್ಮ ಒಬ್ಬಳು ಮಾತ್ರ ದಂಡೆಯ ಮೇಲೆ ನಗದೆ ಕೂತು ಮಾರೆಣ್ಣನ ಕೈಯನ್ನೇ ನೋಡುತ್ತಿದ್ದಳು. ಕೈ ಹಸಿಯಾಗಿದ್ದರೆ ಹುಳ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಕಾಲು ಮುರಿಯುತ್ತದೆ. ಕೈ ಒಣಗಿರಬೇಕು, ನುಣ್ಣಗಿರಬೇಕು. ತಾತ ಗುರುಪಾದಯ್ಯ ದಿನಾ ಬೆಳಗ್ಗೆ ವಿಭೂತಿ ಹಚ್ಚುವಾಗ ಅವರ ಅಂಗೈ ಎಷ್ಟು ನುಣ್ಣಗಿರುತ್ತದೆ ಎಂಬುದು ಅವಳಿಗೆ ನೆನಪಾಯಿತು.

ಮನೆಗೆ ಓಡಿದಳು. ಗೂಡಿನಲ್ಲಿದ್ದ ವಿಭೂತಿ ಗಟ್ಟಿಯಿಂದ ಒಂದು ತುಂಡು ದಂಡೆಗೆ ತಂದು ಎರಡೂ ಅಂಗೈಗೆ ಚೆನ್ನಾಗಿ ಉಜ್ಜಿಕೊಂಡಳು. ಒಂದು ಹುಳದ ಹಿಂದಿನಿಂದ ಮೆಲ್ಲಗೆ ಹೋಗಿ, ಎರಡೂ ಕೈ ಬೋಗುಣಿ ಮಾಡಿ ಕವುಚಿದಳು. ಹುಳ ಕೈಯೊಳಗೆ ಟಪಟಪ ಹಾರಿತು. ಬಾಟ್ಲಿಗೆ ಜಾರಿಸಿದಳು. ಒಂದು ಕಾಲೂ ಮುರಿಯಲಿಲ್ಲ.

ಸಂಜೆಯೊಳಗೆ ಅವಳ ಬಾಟ್ಲಿಯಲ್ಲಿ ಏಳು ಹುಳ. ಉಳಿದವರ ಬಾಟ್ಲಿಗಳಲ್ಲಿ ಬರೀ ಕೆಸರು, ಎರಡು ಮೂರು ಕಾಲು.

ಮರುದಿನ ಬೆಳಗ್ಗೆ ಪ್ರಾರ್ಥನೆ ಮುಗಿಯುವ ಮೊದಲೇ ಮೌಲಾಲಿ ಸಾರ್ ಕೋಣೆಯಿಂದ ಓಡಿ ಬಂದರು. ಕೂದಲು ಕೆದರಿತ್ತು, ಕೈಯಲ್ಲಿ ಕಾಗದ.

"ಮೇಷ್ಟ್ರೇ, ಹೊಸಾದು ಸಿಕ್ಕೈತ್ರಿ! ಇಂಥಾ ಬೆನ್ನಿನ ಹುಳ ಯಾವ ಪುಸ್ತಕದಾಗೂ ಇಲ್ಲ. ಕೇಳ್ರಿ." ಅವರು ಓದಿದರು: "ಮೈ ಕಪ್ಪು. ಬೆನ್ನ ಮೇಲೆ ನುಣ್ಣನೆಯ ಬಿಳಿ ಪುಡಿ. ಏಳು ಹುಳಗಳಲ್ಲೂ ಇದೆ." ಆಮೇಲೆ ಮಕ್ಕಳ ಕಡೆ ತಿರುಗಿದರು. "ಇದಕ್ಕ ನಿಮ್ಮೂರ ಹೆಸರ ಇಡ್ತೀನಿ. ಲಂಡನ್ನಿನ ಮಂದಿನೂ ನಾಗಲದಿನ್ನಿ ಅನ್ಬೇಕು!"

ಹೆಡ್ಮಾಸ್ಟರ್ ಸಿದ್ದಬಸಪ್ಪನವರಿಗೆ ಸಂತೋಷದಲ್ಲಿ ತೆಲುಗು ಬಂದುಬಿಟ್ಟಿತು. "ಮನ ಊರಿ ಪೇರು ರಾ! ನಮ್ಮೂರ ಹೆಸರ್ರೋ!" ಎಂದು ತಾವೇ ಹೋಗಿ ಗಂಟೆ ಬಾರಿಸಿದರು. ಗಂಟೆ ಕೇಳಿ ಹೊಲಕ್ಕೆ ಹೊರಟವರೂ ನಿಂತರು.

ಮಾರೆಣ್ಣ ಕುಣಿದಾಡಿದ. "ಹೊಳಗುಂದದಾಗ ನಮ್ಮ ಮಾವನ ಮಕ್ಳು ಅದಾರಲ್ಲ, ಭಾಳ ಮೆರೀತಾವ. ಅವರೂರ ಹೆಸರಿನ ಹುಳ ಐತೇನು ಕೇಳ್ತೀನಿ!"

ಎಲ್ಲರೂ ಸಾಲಾಗಿ ನಿಂತು ಭೂತಗನ್ನಡಿಯಲ್ಲಿ ನೋಡಿದರು. ಅಕ್ಕನಾಗಮ್ಮನ ಪಾಳಿ ಬಂತು. ಸಣ್ಣ ರಟ್ಟಿಗೆ ಅಂಟಿಸಿದ ಹುಳ ಗಾಜಿನಡಿ ಹಲಸಂದೆ ಕಾಳಿನಷ್ಟು ದೊಡ್ಡದಾಗಿ ಕಂಡಿತು. ಬೆನ್ನ ತುಂಬ ಬಿಳಿ. ಆ ಬಿಳಿ ಯಾವುದೆಂದು ಗುರುತಿಸಲು ಅವಳಿಗೆ ಗಾಜೂ ಬೇಕಿರಲಿಲ್ಲ. ಹುಟ್ಟಿದಾಗಿನಿಂದ ಅದನ್ನು ಹಣೆಯ ಮೇಲೆ ಹೊತ್ತವಳು ಅವಳು.

ಊಟದ ಬಿಡುವಿನಲ್ಲಿ ಮಾರೆಣ್ಣನನ್ನು ಬೇವಿನ ಮರದಡಿಗೆ ಎಳೆದುಕೊಂಡು ಹೋಗಿ ಹೇಳಿದಳು.

ಅವನ ಮುಖ ಸಪ್ಪಗಾಯಿತು. "ಯಾರಿಗೂ ಹೇಳಬ್ಯಾಡ. ಸಾರ್ ಮಧ್ಯಾಹ್ನ ಬಜಾರಪ್ಪನ ಬಂಡ್ಯಾಗ ಹೋಗ್ತಾರ. ಹೋದ ಮ್ಯಾಲೆ ಯಾರಿಗೆ ಗೊತ್ತಾಗ್ತೈತಿ? ಊರೆಲ್ಲ ಕುಣ್ಯಾಕ ಹತ್ತೈತಿ. ಈಗ ಹೇಳಿದ್ರ ನಿನ್ನ ಸುಮ್ನ ಬಿಡ್ತಾರೇನು?"

ಅದೂ ನಿಜವೇ. ಅಕ್ಕನಾಗಮ್ಮ ಮನೆಗೆ ಹೋಗಿ ರೊಟ್ಟಿ ಮುರಿದಳು, ತಿನ್ನಲಾಗಲಿಲ್ಲ.

"ತಾತ, ಹುಳಕ್ಕ ವಿಭೂತಿ ಹಚ್ಚಿದ್ರ ಏನಾಗ್ತೈತಿ?"

"ಪುಣ್ಯ ಬರ್ತೈತಿ," ಎಂದರು ತಾತ ತಂಬಿಗೆ ಎತ್ತುತ್ತ.

ತಾತನಿಗೇನು, ಸಲೀಸಾಗಿ ಹೇಳಿಬಿಟ್ಟರು. ನಾಳೆ ಯಾರೋ ದೊಡ್ಡವರು ಸಾರ್ ಬರೆದದ್ದನ್ನು ಓದಿ, ಬಿಳಿ ಬೆನ್ನಿನ ಹುಳ ಹುಡುಕಿಕೊಂಡು ಹೊಳೆಗೆ ಬರುತ್ತಾರೆ. ಮೊಣಕಾಲುದ್ದ ಕೆಸರಲ್ಲಿ ದಿನಗಟ್ಟಲೆ ಹುಡುಕುತ್ತಾರೆ. ಸಿಕ್ಕೀತು ಹೇಗೆ? ಹುಳಗಳೇನು ಬೆಳಗ್ಗೆ ಎದ್ದು ತಾತನ ಮುಂದೆ ಹಣೆ ಒಡ್ಡುತ್ತವೆಯೇ?

ಅವಳು ರೊಟ್ಟಿ ಬಿಟ್ಟು ಓಡಿದಳು.

ಬಂಡಿಗೆ ಎತ್ತು ಕಟ್ಟಿಯಾಗಿತ್ತು. ಸಾರ್ ಒಂದು ಕಾಲು ಮೇಲಿಟ್ಟಿದ್ದರು. ಬೀಳ್ಕೊಡಲು ಶಾಲೆಗೆ ಶಾಲೆಯೇ ನಿಂತಿತ್ತು.

"ಸಾರ್! ಆ ಬಿಳೀದು ಹುಳದ್ದಲ್ಲರಿ! ಅದು... ಅದು ನಮ್ಮ ಮನಿ ವಿಭೂತಿ. ಕೈಗೆ ಹಚ್ಕೊಂಡು ಹಿಡಿದಿದ್ನಿರಿ."

ಸಾರ್ ಇಟ್ಟ ಕಾಲನ್ನು ಇಳಿಸಿ ಕಟ್ಟೆಯ ಮೇಲೆ ಕುಸಿದು ಕೂತರು. ಅವರ ಕಿವಿ ಕೆಂಪಾಗಿದ್ದವು. ಅಕ್ಕನಾಗಮ್ಮನಿಗೆ ಅಳು ಬಂತು.

ಹೆಡ್ಮಾಸ್ಟರೇ ಮೊದಲು ನಕ್ಕವರು. "ಅಲ್ಲವ್ವಾ, ಏಳೂ ಹುಳಕ್ಕ ದೀಕ್ಷಾ ಕೊಟ್ಟು ಕಳ್ಸೀಯೇನ!"

ಸಾರ್‌ಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಾಗದ ತೆಗೆದು ಬರೆದದ್ದನ್ನೆಲ್ಲ ಹೊಡೆದುಹಾಕಿದರು. "ಬಜಾರಪ್ಪ, ಎತ್ತು ಬಿಚ್ಚು. ಯಾರಾದ್ರೂ ಒಂದು ಲೋಟ ನೀರು ತರ್ರಿ."

ತೆಳ್ಳನೆಯ ಕುಂಚ ನೀರಲ್ಲಿ ಅದ್ದಿ ಒಂದು ಹುಳದ ಬೆನ್ನನ್ನು ಮೆಲ್ಲಗೆ ತೊಳೆದರು.

"ಇದರಂಗ ಕಾಣೋ ಪುಸ್ತಕದಾಗಿನ ಹುಳಕ್ಕ ಒಂದೊಂದು ರೆಕ್ಕಿ ಮ್ಯಾಲೆ ಎರಡು ಹಳದಿ ಚುಕ್ಕಿ ಅದಾವ. ಇದಕ್ಕೂ ಎರಡಿದ್ರ ಇದು ಹಳೇದ. ಬ್ಯಾರೆ ಇದ್ರ ಹೊಸಾದು." ಅವರು ಗಾಜನ್ನು ಅಕ್ಕನಾಗಮ್ಮನ ಕೈಗೆ ಕೊಟ್ಟರು. "ನೀ ನೋಡವ್ವ. ಹೊಸಾದು ಆಗ್ಲಿ ಅಂತ ನನಗ ಭಾಳ ಆಸಿ ಐತಿ. ಅದಕ್ಕ ನನ್ನ ಕಣ್ಣು ನಾ ನಂಬಂಗಿಲ್ಲ."

ಆಸೆ ಅವಳಿಗೇನು ಕಡಿಮೆಯೇ? ಅವಳು ಬಗ್ಗಿದಳು.

"ಎಡಕ್ಕ ಒಂದು... ಎರಡು... ಮೂರು! ಮೂರು ಅದಾವ ಸಾರ್!"

ಹೋ ಎಂಬ ಕೂಗೆದ್ದಿತು. ಸಾರ್ ಕೈ ಎತ್ತಿ ಸುಮ್ಮನಾಗಿಸಿದರು. "ಬಲಕ್ಕ?"

ಬಲಗಡೆ ಎರಡು ಚುಕ್ಕೆ ಕಂಡವು. ಮೂರನೆಯದು ಇರಬೇಕಾದ ಜಾಗದಲ್ಲಿ ಸಾಸಿವೆಯ ಚೂರಿನಷ್ಟು ಬೂದಿ ಅಂಟಿತ್ತು.

"ಮೂರು ಅನ್ನು," ಮಾರೆಣ್ಣ ಕಿವಿಯಲ್ಲಿ ಪಿಸುಗುಟ್ಟಿದ. "ಎಡಕ್ಕ ಮೂರಿದ್ರ ಬಲಕ್ಕೂ ಮೂರ ಇರ್ತಾವ."

ಮೂರು ಎನ್ನುವ ಮಾತು ಅವಳ ತುದಿನಾಲಿಗೆಗೆ ಬಂದಿತ್ತು.

"ಎರಡು ಕಾಣಸ್ತಾವರಿ," ಎಂದಳು ಅಕ್ಕನಾಗಮ್ಮ. "ಮೂರನೇದರ ಜಾಗದಾಗ ಬೂದಿ ಐತಿ. ಗೊತ್ತಾಗವಲ್ದು."

ಸಾರ್ ಕಾಗದದ ಮೇಲೆ ಅದನ್ನೂ ಹಾಗೆಯೇ ಬರೆದುಕೊಂಡರು. ಆಮೇಲೆ ಕುಂಚ ಅದ್ದಿ, ಉಸಿರು ಬಿಗಿಹಿಡಿದು, ಆ ಚೂರನ್ನು ಎತ್ತಿದರು. "ಈಗ?"

ಅವಳು ಬಹಳ ಹೊತ್ತು ನೋಡಿದಳು. ಬಜಾರಪ್ಪನೂ ಎತ್ತು ಬಿಟ್ಟು ಬಂದು ಬಗ್ಗಿದ.

"ಐತ್ರಿ," ಎಂದಳು ಮೆಲ್ಲಗೆ.

ಉಳಿದ ಆರನ್ನೂ ತೊಳೆದರು. ಆರಕ್ಕೂ ಮೂರು, ಮೂರು. ಸಾರ್ ಹೊಸ ಹಾಳೆ ತೆಗೆದು ಮೇಲೆ ದೊಡ್ಡದಾಗಿ ನಾಗಲದಿನ್ನೆ ಎಂದು ಬರೆದರು. ಹೆಡ್ಮಾಸ್ಟರ್ ಮತ್ತೆ ಗಂಟೆಯ ಕಡೆ ಓಡಿದರು. ಮಾರೆಣ್ಣ ಇಡೀ ಶಾಲೆಯೊಂದಿಗೆ ಅಂಗಳದಲ್ಲಿ ಕುಣಿಯತೊಡಗಿದ.

ಅಕ್ಕನಾಗಮ್ಮ ಗಾಜು ಬಿಟ್ಟು ಕದಲಲಿಲ್ಲ. ಬಿಳಿಯನ್ನು ಇಟ್ಟವಳು ತಾನು. ಈ ಚುಕ್ಕೆಯನ್ನು ಯಾರೂ ಇಟ್ಟಿರಲಿಲ್ಲ. ಯಾರೂ ಎಣಿಸದಿದ್ದಾಗಲೂ ಅದು ಹೊಳೆಯ ದಂಡೆಯ ಮೇಲೆ ತನ್ನ ಪಾಡಿಗೆ ಓಡಾಡಿಕೊಂಡೇ ಇತ್ತು.