ಕಣ್ಣು ಮುಚ್ಚಿ ನೋಡಿದ ಎರಡನೇ ಭಾಗ

ಮೊದಲ ಭಾಗದಲ್ಲಿ ದೆವ್ವದ ಕೈಯಿಂದ ಜೀವ ಉಳಿಸಿಕೊಂಡು ಓಡಿಹೋದ ಹೆಂಗಸು, ಎರಡನೇ ಭಾಗದಲ್ಲಿ ಅದೇ ಮನೆಗೆ ಯಾಕೆ ವಾಪಸ್ ಬರುತ್ತಾಳೆ? ಆ ಊರಿನಲ್ಲಿ ಬೇರೆ ಬಾಡಿಗೆ ಮನೆಯೇ ಇರಲಿಲ್ಲವೇ? ಈ ಪ್ರಶ್ನೆಗೆ ನನಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ.

ಸಿಗಲೇಬೇಕಾಗಿತ್ತು. ನನ್ನ ಕೆಲಸ ಅದರ ಮೇಲೇ ನಿಂತಿತ್ತು. ಕಾಲೇಜಿನ ಸಿನಿಮಾ ವಿಭಾಗದಲ್ಲಿ ನಾನು ನಾಲ್ಕು ವರ್ಷದಿಂದ ಗೆಸ್ಟ್ ಲೆಕ್ಚರರ್. ಈ ಸಲ ಕೊನೆಗೂ ಒಂದು ಕಾಯಂ ಹುದ್ದೆ ಖಾಲಿಯಾಯಿತು. ಅಭ್ಯರ್ಥಿಗಳು ನಾವಿಬ್ಬರು. ಒಂದೊಂದು ಸಿನಿಮಾ ತೆಗೆದುಕೊಂಡು ಅದರ ಕಥೆಯ ರಚನೆ, ಪ್ರಕಾರ, ಪಾತ್ರಗಳ ಬಗ್ಗೆ ಒಂದು ಗಂಟೆ ಪಾಠ ಮಾಡಿ ತೋರಿಸಬೇಕು. ವಿಭಾಗದ ಮುಖ್ಯಸ್ಥೆ ಚೀಟಿ ಎತ್ತಿಸಿದರು. ಇನ್ನೊಬ್ಬನಿಗೆ ಹಾಸ್ಯಚಿತ್ರ ಬಂತು. ನನಗೆ ಬಂದದ್ದು ಹಾರರ್ ಸಿನಿಮಾದ ಎರಡನೇ ಭಾಗ. ಕರೆಂಟ್ ಹೋದರೆ ಬೇರೆ ಊರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿ, ದೀಪ ಬರುವವರೆಗೂ ಬಿಡದೆ ಮಾತಾಡಿಸುವ ನನಗೆ!

ಬೇರೆ ದಾರಿ ಕಾಣದೆ ಕತ್ತಲೆ ಸರ್ ಹತ್ತಿರ ಹೋದೆ.

ಕತ್ತಲೆ ಸರ್ ಅಂದರೆ ನಮ್ಮ ಕಾಲೇಜಿನ ಪುಟ್ಟ ಥಿಯೇಟರಿನ ಪ್ರೊಜೆಕ್ಟರ್ ಆಪರೇಟರ್. ಬಂದವರೇ ಮೊದಲು ದೀಪ ಆರಿಸುತ್ತಾರೆಂದು ಹುಡುಗರು ಇಟ್ಟ ಹೆಸರು. ಮಾತಾಡುವಾಗಲೆಲ್ಲ ಕನ್ನಡಕ ತೆಗೆದು, ಲೆನ್ಸ್ ಒರೆಸುವ ಬಟ್ಟೆಯಿಂದ ಉಜ್ಜುತ್ತಾ ನನ್ನ ಕಡೆ ನೋಡುವುದು ಅವರ ಅಭ್ಯಾಸ. ಕನ್ನಡಕವಿಲ್ಲದೆ ಎರಡಡಿ ದೂರದ್ದೂ ಕಾಣದ ಮನುಷ್ಯ ಅಷ್ಟು ಹೊತ್ತು ಏನನ್ನು ನೋಡುತ್ತಿದ್ದರು ಅನ್ನುವುದನ್ನು ನಾನು ಯೋಚಿಸಿಯೇ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

"ಹೆದರಿಕೆ ಸೀನ್ ಬಂದಾಗ ನಾನು ಕಣ್ಣು ಮುಚ್ಕೋತೀನಿ. ಏನಾಯ್ತು ಅಂತ ನೀವು ಹೇಳ್ಬೇಕು," ಎಂದೆ.

"ಅಷ್ಟೇ ತಾನೇ? ಹೇಳ್ತೀನಿ ಬಿಡಿ ಮೇಡಂ." ಎದೆ ಉಬ್ಬಿಸಿಕೊಂಡೇ ಹೇಳಿದರು.

ಥಿಯೇಟರಿನ ಹಿಂದೆ ಎಂಟು ಮೆಟ್ಟಿಲು ಹತ್ತಿದರೆ ಅವರ ಪ್ರೊಜೆಕ್ಷನ್ ಕೋಣೆ. ಗೋಡೆಯಲ್ಲಿ ಒಂದು ಕಿಂಡಿ. ಕಿಂಡಿಯ ಕೆಳಗೆ, ಕೊನೆಯ ಸಾಲಿನಲ್ಲಿ ನಾನು ನೋಟ್‌ಬುಕ್ ಹಿಡಿದು ಕುಳಿತೆ. ಮಧ್ಯಾಹ್ನದ ಮೂರು ಗಂಟೆ. ಹೊರಗೆ ಸುಡು ಬಿಸಿಲು, ಒಳಗೆ ನನ್ನ ಅಂಗೈ ಮಂಜಿನಂತೆ ತಣ್ಣಗೆ.

"ಮ್ಯೂಸಿಕ್ ನಿಲ್ತು. ಮುಚ್ಕೊಳ್ಳಿ," ಎಂದಿತು ಕಿಂಡಿ.

ಹೀಗೆ ಹತ್ತಾರು ಸಲ ಮುಚ್ಚಿದೆ. ಬಾವಿಯ ಹತ್ತಿರ, ಕಪಾಟಿನ ಮುಂದೆ, ಕನ್ನಡಿಯ ಎದುರು. ಪ್ರತಿ ಸಲವೂ ಆ ಮೆಲುದನಿ ನನ್ನ ತಲೆಯ ಮೇಲಿಂದ ಕಥೆ ಹೇಳಿತು. ಮೂರನೇ ಸಲಕ್ಕೆ ಹೆದರಿಕೆ ಅರ್ಧ ಇಳಿಯಿತು. ಐದನೇ ಸಲಕ್ಕೆ, ಮ್ಯೂಸಿಕ್ ಬೇಗ ನಿಲ್ಲಬಾರದೇ ಅನ್ನಿಸತೊಡಗಿತು. ನಾಚಿಕೆಗೇಡು ಅಂತ ನನ್ನನ್ನೇ ಬೈದುಕೊಂಡೆ.

ಕೊನೆಯ ಹತ್ತು ನಿಮಿಷವಂತೂ ಪೂರ್ತಿ ಕತ್ತಲೆಯಲ್ಲೇ ಕಳೆಯಿತು.

"ಗಂಡ ಕಾರ್ ಸ್ಟಾರ್ಟ್ ಮಾಡ್ದ," ಎಂದರು.

"ಅಯ್ಯೋ, ಅವಳನ್ನ ಒಬ್ಬಳನ್ನೇ ಬಿಟ್ಟು ಹೋಗ್ಬಿಟ್ನಾ?"

"ಇಲ್ಲ... ವಾಪಸ್ ಬಂದ. ಮೆಟ್ಟಿಲು ಹತ್ತಿ ಬರ್ತಿದಾನೆ. ಹೆಜ್ಜೆ ಸದ್ದು ಕೇಳಿಸ್ತಿಲ್ವಾ?"

ಕೇಳಿಸುತ್ತಿತ್ತು. ಧಡ್, ಧಡ್, ಧಡ್. ಮುಚ್ಚಿದ ಕಣ್ಣಿನಲ್ಲೇ ನೀರು ಬಂತು. ಮೊದಲ ಭಾಗದಲ್ಲಿ ಲೋಟ ಬಿದ್ದರೂ ಓಡಿಹೋಗುತ್ತಿದ್ದ ಗಂಡ ಅವನು. ಎಂಥಾ ಬದಲಾವಣೆ! ನನ್ನ ಪಾಠಕ್ಕೆ ತಿರುಳು ಸಿಕ್ಕಿತು.

ಆಯ್ಕೆಯ ದಿನ ಅದೇ ಥಿಯೇಟರಿನಲ್ಲಿ ಮುಂದೆ ಮೂವರು ಹಿರಿಯರು, ಹಿಂದೆ ಮೂವತ್ತು ವಿದ್ಯಾರ್ಥಿಗಳು. ಮೊದಲರ್ಧ ಗಂಟೆ ಚೆನ್ನಾಗಿಯೇ ಹೋಯಿತು. ಎರಡನೇ ಭಾಗ ನೋಡಲು ಬಂದವರಿಗೆ ದೆವ್ವದ ಪರಿಚಯ ಮೊದಲೇ ಇರುತ್ತದೆ, ಆದ್ದರಿಂದ 'ಯಾರು' ಅನ್ನುವ ಪ್ರಶ್ನೆ ಸತ್ತು 'ಯಾವಾಗ' ಅನ್ನುವುದು ಉಳಿಯುತ್ತದೆ, ಹೆದರಿಸುವುದು ದೆವ್ವವಲ್ಲ, ಕಾಯುವಿಕೆ ಎಂದೆ. ಮುಖ್ಯಸ್ಥೆ ತಲೆಯಾಡಿಸಿದರು. ನನಗೆ ರೆಕ್ಕೆ ಬಂತು.

"ಕೊನೆಯಲ್ಲಿ ಈ ಚಿತ್ರ ತನ್ನ ಪ್ರಕಾರವನ್ನೇ ಬದಲಿಸುತ್ತದೆ," ಎಂದೆ. "ಗಂಡ ವಾಪಸ್ ಬರುತ್ತಾನೆ. ಮೆಟ್ಟಿಲ ಮೇಲಿನ ಆ ಹೆಜ್ಜೆಗಳು ಪ್ರೀತಿಯ ಹೆಜ್ಜೆಗಳು. ಅಲ್ಲಿಂದ ಇದು ಹಾರರ್ ಅಲ್ಲ, ಪ್ರೇಮಕಥೆ."

ಮುಖ್ಯಸ್ಥೆ ಕಿಂಡಿಯತ್ತ ತಿರುಗಿ, "ಆ ಭಾಗ ಸ್ವಲ್ಪ ಹಾಕಿ ನೋಡೋಣ," ಎಂದರು.

ಎಲ್ಲರೆದುರು ಕಣ್ಣು ಮುಚ್ಚುವ ಹಾಗಿರಲಿಲ್ಲ. ನೋಡಿದೆ. ಕಾರು ಹೋಯಿತು. ಗೇಟು ದಾಟಿತು, ತಿರುವು ದಾಟಿತು, ಅದರ ಹಿಂದಿನ ದೀಪವೂ ಮಾಯವಾಯಿತು. ಆಮೇಲೆ ಧಡ್, ಧಡ್ ಎನ್ನುತ್ತಾ ಮೆಟ್ಟಿಲ ಮೇಲೆ ಎರಡು ಕಾಲು ಬಂದವು.

"ನಿಮ್ಮ ಪ್ರೀತಿಯ ಹೆಜ್ಜೆ ಇವೇ ಏನಮ್ಮಾ?" ಮುಖ್ಯಸ್ಥೆ ಕೇಳಿದರು. "ಈ ಕಾಲಿಗೆ ಮಂಡಿಯಿಂದ ಮೇಲೆ ಮನುಷ್ಯನೇ ಇಲ್ವಲ್ಲ?"

ಮೂವತ್ತು ಜನ ಒಟ್ಟಿಗೆ ನಕ್ಕರು. ನೆಲ ಬಾಯಿಬಿಡಬಾರದೇ ಅನ್ನಿಸಿತು. ಕಣ್ಣು ಮುಚ್ಚಿಕೊಂಡು ನೋಡಿದೆ ಅಂತ ಒಪ್ಪಿಕೊಂಡೆ. ಮುಖ್ಯಸ್ಥೆ ಹಣೆ ಒತ್ತಿಕೊಂಡು, "ಮೊದಲರ್ಧಕ್ಕೋಸ್ಕರ ಇನ್ನೊಂದು ಅವಕಾಶ. ನಾಳೆ ಹನ್ನೊಂದಕ್ಕೆ. ಈ ಸಲ ಕಣ್ಣು ಬಿಟ್ಕೊಂಡು ನೋಡಿ ಬನ್ನಿ," ಎಂದು ಎದ್ದರು.

ಎಂಟು ಮೆಟ್ಟಿಲನ್ನು ನಾಲ್ಕೇ ಹೆಜ್ಜೆಯಲ್ಲಿ ಹತ್ತಿದೆ.

"ನಾಲ್ಕು ವರ್ಷ ಕಾದ ಕೆಲಸ ರೀ! ಯಾಕೆ ಸುಳ್ಳು ಹೇಳಿದ್ರಿ?"

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ನಾನು ಬಟ್ಟೆ ಕಿತ್ತುಕೊಂಡೆ.

"ನಾನೂ ಮುಚ್ಕೊಂಡಿದ್ದೆ," ಎಂದರು.

"ಏನು?"

"ಕಣ್ಣು. ನನಗೂ ಭಯ ಮೇಡಂ. ಮ್ಯೂಸಿಕ್ ನಿಂತ್ರೆ ಮುಚ್ಕೊಂಡ್ಬಿಡ್ತೀನಿ. ಸದ್ದು ಕೇಳಿಸಿದ ಹಾಗೆ ಹೇಳ್ತಾ ಹೋದೆ."

ಮೈ ಪರಚಿಕೊಳ್ಳುವ ಹಾಗಾಯಿತು. "ನೀವು ಪ್ರೊಜೆಕ್ಟರ್ ಆಪರೇಟರ್ ಕಣ್ರೀ! ಪರದೆ ಮೇಲೆ ದೆವ್ವ ಬಿಡೋ ಕೆಲಸವೇ ನಿಮ್ಮದು!"

"ಬಿಡೋದು ಬೇರೆ, ನೋಡೋದು ಬೇರೆ."

"ಹೋಗ್ಲಿ, ಭಯ ಅಂತ ಮೊದಲೇ ಬಾಯಿ ಬಿಟ್ಟು ಹೇಳೋದಕ್ಕೆ ಏನಾಗಿತ್ತು?"

"ನೀವು ಮೊದಲ್ನೇ ಸಲ ಏನೋ ಕೇಳ್ಕೊಂಡು ಬಂದಿದ್ರಿ," ಎಂದು ನೆಲ ನೋಡಿದರು. "ಆಗಲ್ಲ ಅನ್ನೋಕೆ ಬಾಯಿ ಬರಲಿಲ್ಲ."

ಕೋಪ ಒಂದು ಮೆಟ್ಟಿಲು ಇಳಿಯಿತು. ಅದನ್ನು ಹಿಡಿದು ಮತ್ತೆ ಮೇಲೆ ಕೂರಿಸಿದೆ.

"ಕಾರಿನ ಸದ್ದು ಕೇಳಿಸ್ತಲ್ಲ, ಹೋದ ಅಂತ ಹೇಳಬಹುದಿತ್ತು. ವಾಪಸ್ ಬಂದ ಅಂತ ಯಾಕಂದ್ರಿ?"

"ನೀವು 'ಅಯ್ಯೋ, ಒಬ್ಬಳನ್ನೇ ಬಿಟ್ಟು ಹೋಗ್ಬಿಟ್ನಾ' ಅಂದ್ರಲ್ಲ... ಆ ದನಿ ಕೇಳಿ ಹೋದ ಅನ್ನೋಕಾಗಲಿಲ್ಲ." ಕನ್ನಡಕವಿಲ್ಲದ ಕಣ್ಣು ಎತ್ತಿ ನೇರವಾಗಿ ನನ್ನನ್ನೇ ನೋಡಿದರು. "ನಾನಾಗಿದ್ರೆ ಬರ್ತಿದ್ದೆ."

ಬೈಯಲು ಇನ್ನೂ ಬೇಕಾದಷ್ಟು ಬಾಕಿ ಇತ್ತು, ಒಂದೂ ನೆನಪಿಗೆ ಬರಲಿಲ್ಲ. ಬಟ್ಟೆಯನ್ನು ಅವರ ಕೈಗೆ ತುರುಕಿ, "ಮೂರು ಗಂಟೆಗೆ ಮತ್ತೆ ಹಾಕಿ. ಮೊದಲಿಂದ," ಎಂದು ಇಳಿದುಬಿಟ್ಟೆ.

ಮೂರು ಗಂಟೆಗೆ ಕೊನೆಯ ಸಾಲಿನಲ್ಲಿ ಒಬ್ಬಳೇ ಕುಳಿತು ಎಲ್ಲವನ್ನೂ ನೋಡಿದೆ. ಬಾವಿ ನೋಡಿದೆ, ಕಪಾಟು ನೋಡಿದೆ. ಕಿಂಡಿ ಒಂದು ಮಾತೂ ಆಡಲಿಲ್ಲ. ಕೊನೆಯ ಹತ್ತು ನಿಮಿಷ ಬಂತು. ಮ್ಯೂಸಿಕ್ ನಿಂತಿತು. ರೆಪ್ಪೆ ತಾನಾಗಿಯೇ ಇಳಿಯತೊಡಗಿತು.

ಅಷ್ಟರಲ್ಲಿ ಬೆನ್ನ ಹಿಂದೆ ಹೆಜ್ಜೆ ಸದ್ದು. ಒಂದು, ಎರಡು, ಮೂರು. ನಾನು ಲೆಕ್ಕ ಹಾಕಿದೆ. ಎಂಟು.

ಪಕ್ಕದ ಸೀಟು ಕಿರುಗುಟ್ಟಿತು.

"ನೀವು ನೋಡ್ಬೇಕು ಅಂತಿಲ್ಲ," ಎಂದೆ.

"ನೋಡ್ತೀನಿ." ಹಲ್ಲು ಕಟಕಟ ಎನ್ನುತ್ತಿತ್ತು, ಆದರೂ ಕಣ್ಣು ತೆರೆದೇ ಇತ್ತು. ನನ್ನ ಮಣಿಕಟ್ಟನ್ನು ಹಿಡಿದುಕೊಂಡರು. ನನಗೆ ಧೈರ್ಯ ತುಂಬಲಿಕ್ಕೆ ಅಂದುಕೊಂಡೆ. ಆ ಬೆವರು, ಆ ನಡುಕ ನೋಡಿದ ಮೇಲೆ ಧೈರ್ಯ ಯಾರಿಗೆ ಬೇಕಾಗಿತ್ತೆಂದು ಗೊತ್ತಾಯಿತು.

ಪರದೆಯ ಮೇಲೆ ಕಾರು ಗೇಟು ದಾಟಿತು. ದೀಪ ಮಾಯವಾಯಿತು.

"ನಿಜವಾಗ್ಲೂ ಹೋಗ್ಬಿಟ್ನಲ್ರೀ!" ಅವರಿಗೆ ಸಿಟ್ಟೇ ಬಂದಿತ್ತು. "ಎಂಥಾ ಗಂಡಸು ಇವನು?"

ನನಗೆ ನಗು ತಡೆಯಲಾಗಲಿಲ್ಲ. ಮೆಟ್ಟಿಲ ಮೇಲೆ ಕಾಲುಗಳು ಬರುತ್ತಿದ್ದವು, ನಾನು ನಗುತ್ತಿದ್ದೆ. ಮಣಿಕಟ್ಟು ಬಿಡಿಸಿಕೊಂಡು, ಅದರ ಬದಲು ಅಂಗೈ ಕೊಟ್ಟೆ.

ಮಾರನೇ ದಿನ, ಈ ಚಿತ್ರದಲ್ಲಿ ಗಂಡ ವಾಪಸ್ ಬರುವುದಿಲ್ಲ, ಆದ್ದರಿಂದಲೇ ಇದು ಕೊನೆಯವರೆಗೂ ಹಾರರ್ ಎಂದು ಪಾಠ ಮಾಡಿದೆ. ಯಾರೂ ನಗಲಿಲ್ಲ. ವಾರದ ಮೇಲೆ ನೇಮಕಾತಿಯ ಪತ್ರ ಬಂತು. ಅಕ್ಕನಿಗೆ ಫೋನ್ ಮಾಡಿ ಎರಡೂ ಸುದ್ದಿ ಹೇಳಿದೆ.

"ಕೆಲಸದ ವಿಷಯ ಆಮೇಲೆ. ಹುಡುಗ ಹೇಗೇ?" ಎಂದಳು ಅಕ್ಕ.

"ಮಹಾ ಪುಕ್ಕಲ ಕಣೇ," ಎಂದೆ. "ಆದ್ರೆ ವಾಪಸ್ ಬರ್ತಾನೆ."